ಬಾಸ್ಟನ್‌ನಿಂದ ವಾಷಿಂಗ್ಟನ್‌ವರೆಗೆ: ಚಳಿಗಾಲದಲ್ಲಿ ಕಡಿಮೆ ಖರ್ಚಿನ ಚಾರಿತ್ರಿಕ ಪ್ರವಾಸ

ಅಮೆರಿಕದ ಪೂರ್ವ ಕರಾವಳಿಗೆ ಜನವರಿಯಲ್ಲಿ ಹೊರಟಿದ್ದೇವೆ ಎಂದರೆ ಅಲ್ಲಿರುವ ನೆಂಟರೇ ಮೊದಲು ಬೇಡ ಎನ್ನುತ್ತಾರೆ. ಏಪ್ರಿಲ್‌ಗೆ ಬನ್ನಿ, ವಾಷಿಂಗ್ಟನ್ನಿನಲ್ಲಿ ಚೆರಿ ಹೂ ಅರಳಿರುತ್ತದೆ ಎಂಬ ಸಲಹೆ ಬರುತ್ತದೆ. ಹೂ ಅರಳುವುದು ನಿಜ. ಅದರ ಜೊತೆಗೆ ಹೋಟೆಲಿನ ಬಾಡಿಗೆಯೂ ಅರಳಿರುತ್ತದೆ. ನಾನು ಅಮ್ಮನನ್ನು ಕರೆದುಕೊಂಡು ಹೋದದ್ದು ಸಂಕ್ರಾಂತಿ ಮುಗಿದ ವಾರದಲ್ಲಿ. ಎಂಟು ರಾತ್ರಿ, ಮೂರು ಊರು, ಎಲ್ಲಿಯೂ ಉದ್ದದ ಸಾಲಿಲ್ಲ. ಆ ಪ್ರವಾಸದಲ್ಲಿ ಸರಿಹೋದದ್ದು, ಎಡವಿದ್ದು ಎರಡನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ವೀಸಾ ಕೈಯಲ್ಲಿದೆ, ಇಲ್ಲವೇ ಓದಲೋ ಕೆಲಸಕ್ಕೋ ಈಗಾಗಲೇ ಅಲ್ಲಿದ್ದೀರಿ ಎಂದುಕೊಂಡು ಮುಂದುವರಿಯುತ್ತೇನೆ.

ಮೊದಲ ಹೆಜ್ಜೆ: ದಿಕ್ಕು

ಬಾಸ್ಟನ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಮೂರೂ ಒಂದೇ ರೈಲುಮಾರ್ಗದ ಮೇಲಿವೆ. ರಾಜಧಾನಿಯಿಂದ ಶುರು ಮಾಡಿ ಮೇಲಕ್ಕೆ ಹೋಗುವವರೂ ಇದ್ದಾರೆ. ಚಳಿಗಾಲದಲ್ಲಿ ಹಾಗೆ ಮಾಡಬೇಡಿ. ಬಾಸ್ಟನ್ನಿನಲ್ಲಿ ಇಳಿದು ಕೆಳಮುಖವಾಗಿ ಬನ್ನಿ.

ಚರಿತ್ರೆ ನಡೆದದ್ದೂ ಅದೇ ಕ್ರಮದಲ್ಲಿ. ಬ್ರಿಟಿಷರೊಂದಿಗೆ ಜಗಳ ಹೊತ್ತಿಕೊಂಡದ್ದು 1770ರ ದಶಕದ ಬಾಸ್ಟನ್ನಿನಲ್ಲಿ. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ಎರಡೂ ಫಿಲಡೆಲ್ಫಿಯಾದವು. ಸರ್ಕಾರ ವಾಷಿಂಗ್ಟನ್ನಿಗೆ ಬಂದು ನೆಲೆ ನಿಂತದ್ದು 1800ರಲ್ಲಿ. ಥರ್ಮಾಮೀಟರ್ ಏರುವುದೂ ಈ ದಿಕ್ಕಿನಲ್ಲೇ: ಜನವರಿಯ ಹಗಲಿನಲ್ಲಿ ಬಾಸ್ಟನ್ ಸರಾಸರಿ 2 ಡಿಗ್ರಿ ಸೆಲ್ಸಿಯಸ್ ಆಸುಪಾಸು, ವಾಷಿಂಗ್ಟನ್ 6ರಿಂದ 7. ನಾಲ್ಕೈದು ಡಿಗ್ರಿ ಏನು ಮಹಾ ಎನ್ನಬೇಡಿ. ಸೊನ್ನೆಯ ಹತ್ತಿರ ಅಷ್ಟು ವ್ಯತ್ಯಾಸದಲ್ಲೇ ಕಾಲಡಿಯ ನೀರು ಗಡ್ಡೆ ಕಟ್ಟುವುದೋ ಹರಿದುಹೋಗುವುದೋ ತೀರ್ಮಾನವಾಗುತ್ತದೆ. ಇನ್ನು ಜೇಬಿನ ವಿಷಯ. ಮೂರರಲ್ಲಿ ದುಬಾರಿ ಊರು ಬಾಸ್ಟನ್. ವಾಷಿಂಗ್ಟನ್ನಿನ ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಕೈಯ ಹಣ ತೆಳುವಾಗುವ ಹೊತ್ತಿಗೆ ಪುಕ್ಕಟೆ ಊರು ಬರಬೇಕು.

ರಾತ್ರಿಗಳನ್ನು ಹೀಗೆ ಹಂಚಿ: ಬಾಸ್ಟನ್ ಎರಡು, ಫಿಲಡೆಲ್ಫಿಯಾ ಎರಡು, ವಾಷಿಂಗ್ಟನ್ ನಾಲ್ಕು. ವಿಮಾನದ ಟಿಕೆಟ್ ನೋಡುವಾಗ ‘ಮಲ್ಟಿ ಸಿಟಿ’ ಆಯ್ಕೆ ಮಾಡಿ, ಬಾಸ್ಟನ್ನಿಗೆ ಹೋಗುವುದು, ವಾಷಿಂಗ್ಟನ್ನಿನಿಂದ ಮರಳುವುದು ಎಂದು ಹಾಕಿ. ಹಲವು ಸಲ ದರ ಹೋಗಿಬರುವ ಟಿಕೆಟ್ಟಿನಷ್ಟೇ ಇರುತ್ತದೆ, ಒಂದು ದಿನದ ಮರುಪ್ರಯಾಣವೂ ಉಳಿಯುತ್ತದೆ. ನ್ಯೂಯಾರ್ಕ್ ಬಿಟ್ಟಿದ್ದೀರಲ್ಲ ಎಂದು ಕೇಳುವವರಿಗೆ: ಹೌದು, ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಈ ಬಜೆಟ್ಟಿಗೆ ತುರುಕಿದರೆ ಉಳಿದ ಮೂರೂ ಊರು ಸೊರಗುತ್ತವೆ.

ಎರಡನೆಯದು: ವಾರ

ಡಿಸೆಂಬರ್ 20ರಿಂದ ಹೊಸ ವರ್ಷದವರೆಗೆ ವಿಮಾನದ ದರ ಮುಟ್ಟುವಂತಿರುವುದಿಲ್ಲ. ಜನವರಿ ಮಧ್ಯದಿಂದ ಫೆಬ್ರವರಿಯ ಮೊದಲ ವಾರದವರೆಗಿನ ಅವಧಿ ನಮ್ಮದು. ಅದರಲ್ಲೂ ಒಂದು ಮುಳ್ಳಿದೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ. ಆ ವಾರಾಂತ್ಯದಲ್ಲಿ ರೈಲಿನ ದರ ಜಿಗಿಯುತ್ತದೆ. ಫೆಬ್ರವರಿಯ ಮೂರನೇ ಸೋಮವಾರ ಇನ್ನೊಂದು ರಜೆ, ಅದರ ಬೆನ್ನಿಗೇ ಬಾಸ್ಟನ್ ಕಡೆ ಶಾಲೆಗಳಿಗೂ ವಾರದ ರಜೆ. ಎರಡನ್ನೂ ತಪ್ಪಿಸಿ. ಊರಿಂದೂರಿಗೆ ಹೋಗುವ ದಿನ ಮಂಗಳವಾರವೋ ಬುಧವಾರವೋ ಬರುವಂತೆ ಜೋಡಿಸಿಕೊಂಡರೆ ಉತ್ತಮ.

ಮೂರನೆಯದು: ಲೆಕ್ಕ

ಇಬ್ಬರಿಗೆ, ವಿಮಾನದ ಖರ್ಚು ಬಿಟ್ಟು, ಎರಡು ಸಾವಿರ ಡಾಲರ್ ಮೀರಬಾರದು ಎಂದು ಗೆರೆ ಎಳೆದುಕೊಂಡೆವು. ಕೋಣೆಗೆ ರಾತ್ರಿಗೆ ಸರಾಸರಿ 130 ಡಾಲರ್ ಮಿತಿ. ಎಚ್ಚರ: ಬುಕಿಂಗ್ ತಾಣದಲ್ಲಿ ಮೊದಲು ಕಾಣುವ ದರದ ಮೇಲೆ ಈ ಮೂರೂ ಊರುಗಳಲ್ಲಿ ಸುಮಾರು ಶೇ 15ರಿಂದ 17ರಷ್ಟು ತೆರಿಗೆ ಬೀಳುತ್ತದೆ. ಕೆಲವು ಹೋಟೆಲುಗಳು ‘ಡೆಸ್ಟಿನೇಷನ್ ಫೀ’ ಎಂದು ದಿನಕ್ಕೆ ಇಪ್ಪತ್ತು ಮೂವತ್ತು ಡಾಲರ್ ಬೇರೆ ಕೀಳುತ್ತವೆ. ಕೊನೆಯ ಪುಟದ ಒಟ್ಟು ಮೊತ್ತವನ್ನಷ್ಟೇ ಹೋಲಿಸಿ. ತೆರಿಗೆ ಸೇರಿ ಎಂಟು ರಾತ್ರಿಗೆ 1,200 ಡಾಲರ್ ಆಗುತ್ತದೆ. ಊಟಕ್ಕೆ ಇಬ್ಬರಿಗೂ ಸೇರಿ ದಿನಕ್ಕೆ 40, ಊರುಗಳ ನಡುವಿನ ರೈಲಿಗೆ 200, ಮೆಟ್ರೊ ಬಸ್ಸುಗಳಿಗೆ 120, ಪ್ರವೇಶ ಟಿಕೆಟ್ಟುಗಳಿಗೆ 60. ಮಿಕ್ಕದ್ದು ಆಪತ್ತಿಗೆ.

ಕೋಣೆಯ ಬಗ್ಗೆ ಎರಡು ಮಾತು. ಬಾಸ್ಟನ್ನಿನಲ್ಲಿ ಒಬ್ಬರೇ ಇದ್ದರೆ ಹಾಸ್ಟೆಲ್ ಹಾಸಿಗೆಯೇ ಲೇಸು, ಅಡುಗೆಮನೆಯೂ ಇರುತ್ತದೆ. ವಾಷಿಂಗ್ಟನ್ನಿನಲ್ಲಿ ನದಿಯಾಚೆಯ ಆರ್ಲಿಂಗ್ಟನ್ ಕಡೆ, ರಾಸ್ಲಿನ್ ಅಥವಾ ಕ್ರಿಸ್ಟಲ್ ಸಿಟಿ ಮೆಟ್ರೊ ನಿಲ್ದಾಣಗಳ ಹತ್ತಿರ ನೋಡಿ. ಅವು ಕಚೇರಿ ಕೆಲಸಕ್ಕೆ ಬರುವವರ ಹೋಟೆಲುಗಳು, ಆದ್ದರಿಂದ ಶನಿವಾರ ಭಾನುವಾರ ಅಗ್ಗ. ಕಾರು ಬಾಡಿಗೆಗೆ ಪಡೆಯುವ ಆಲೋಚನೆ ಇದ್ದರೆ ಇಲ್ಲೇ ಕೈಬಿಡಿ. ಈ ಊರುಗಳಲ್ಲಿ ಕಾರು ಓಡಿಸುವುದಕ್ಕಿಂತ ಅದನ್ನು ನಿಲ್ಲಿಸುವುದಕ್ಕೇ ಹೆಚ್ಚು ಹಣ ಬೇಕು.

ನಾಲ್ಕನೆಯದು: ಉಡುಪು

ಅಮ್ಮ ಊರಿನಿಂದ ದಪ್ಪ ಸ್ವೆಟರ್ ಎರಡು, ಮಂಕಿ ಟೋಪಿ ಒಂದು ತಂದಿದ್ದಳು. ಸ್ವೆಟರ್ ಕೈಕೊಟ್ಟಿತು, ಮಂಕಿ ಟೋಪಿ ಗೆದ್ದಿತು. ಗಾಳಿ ಸ್ವೆಟರಿನ ಹೆಣಿಗೆಯ ಸಂದುಗಳಿಂದ ಸಲೀಸಾಗಿ ಒಳನುಗ್ಗುತ್ತದೆ. ಬೇಕಾದದ್ದು ಮೂರು ಪದರ: ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ, ಎಲ್ಲಕ್ಕಿಂತ ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಒಳಪದರ ಹತ್ತಿಯದಾಗಿದ್ದರೆ ಬೆವರು ಹೀರಿಕೊಂಡು ಒದ್ದೆಯಾಗಿ ಮೈಯನ್ನೇ ತಣ್ಣಗಾಗಿಸುತ್ತದೆ. ಕಟ್ಟಡಗಳೊಳಗೆ ಹೀಟರ್ ಜೋರಾಗಿರುವುದರಿಂದ ಒಂದೊಂದಾಗಿ ಕಳಚುವಂತಿರಬೇಕು ಎನ್ನುವುದೂ ಪದರಗಳಿಗೆ ಕಾರಣ.

ಹಣ ಹಾಕಬೇಕಾದದ್ದು ಶೂಗೆ. ಅಡಿಭಾಗದಲ್ಲಿ ಆಳವಾದ ಹಿಡಿತ ಇರಬೇಕು, ನೀರು ಒಳಗಿಳಿಯಬಾರದು. ಹಿಮ ಬಿದ್ದ ದಿನ ನಡೆಯುವುದು ಅಷ್ಟು ಕಷ್ಟವಲ್ಲ. ಮರುದಿನ ಅದು ಅರ್ಧ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿ, ಟಾರಿನ ಬಣ್ಣಕ್ಕೇ ಬೆರೆತು ಕಾಣದಂತೆ ಕೂತಿರುತ್ತದಲ್ಲ, ಅದನ್ನು ‘ಬ್ಲ್ಯಾಕ್ ಐಸ್’ ಎನ್ನುತ್ತಾರೆ. ನಾನು ಕಾಲು ಜಾರಿ ಕೂತದ್ದು ಅದರ ಮೇಲೆಯೇ. ಅಮ್ಮ ಬೀಳಲಿಲ್ಲ. ಮಲೆನಾಡಿನ ಪಾಚಿಗಟ್ಟಿದ ಅಂಗಳದಲ್ಲಿ ನಡೆದು ಪಳಗಿದ ಕಾಲು ಅವಳದು: ಚಿಕ್ಕ ಹೆಜ್ಜೆ, ಇಡೀ ಪಾದ ಒಮ್ಮೆಗೇ ಊರುವುದು, ಕೈ ಜೇಬಿನಿಂದ ಹೊರಗೆ. ಅದನ್ನೇ ಅನುಸರಿಸಿ.

ಮೊಬೈಲನ್ನು ಜಾಕೆಟ್ಟಿನ ಒಳಜೇಬಿನಲ್ಲಿಡಿ. ಕೊರೆಯುವ ಚಳಿಯಲ್ಲಿ ಬ್ಯಾಟರಿ ಶೇ 40 ತೋರಿಸುತ್ತಿದ್ದಂತೆಯೇ ಫೋನ್ ಆರಿಹೋಗುತ್ತದೆ. ನಕ್ಷೆ, ಟಿಕೆಟ್ ಎಲ್ಲವೂ ಅದರಲ್ಲೇ ಇರುವಾಗ ಇದು ಸಣ್ಣ ವಿಷಯವಲ್ಲ.

ಐದನೆಯದು: ಬಾಸ್ಟನ್

ಲೋಗನ್ ವಿಮಾನ ನಿಲ್ದಾಣದಿಂದ ಸಿಲ್ವರ್ ಲೈನ್‌ನ ಎಸ್‌ಎಲ್1 ಬಸ್ಸು ಊರೊಳಗಿನ ಸೌತ್ ಸ್ಟೇಷನ್‌ಗೆ ಉಚಿತವಾಗಿ ಕರೆದೊಯ್ಯುತ್ತದೆ. ಈ ಪ್ರವಾಸದ ಮೊದಲ ಪುಕ್ಕಟೆ ಲಾಭ ಅದು. ಆಮೇಲಿನ ಮೆಟ್ರೊ ಪ್ರಯಾಣಕ್ಕೆ ಪ್ರತ್ಯೇಕ ಕಾರ್ಡ್ ಕೊಳ್ಳುವ ಅಗತ್ಯವಿಲ್ಲ. ಮೂರೂ ಊರುಗಳಲ್ಲಿ ಈಗ ಸ್ಪರ್ಶರಹಿತ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದರೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಇರಲಿ. ವಿದೇಶಿ ವಿನಿಮಯ ಶುಲ್ಕ ಇಲ್ಲದ ಕಾರ್ಡ್ ಆಗಿದ್ದರೆ ಇನ್ನೂ ಒಳ್ಳೆಯದು.

ಇಲ್ಲಿ ನೋಡಬೇಕಾದದ್ದೆಲ್ಲ ಫ್ರೀಡಂ ಟ್ರೇಲ್ ಎಂಬ ಒಂದೇ ದಾರಿಯ ಮೇಲಿದೆ. ಬಾಸ್ಟನ್ ಕಾಮನ್ ಉದ್ಯಾನದಿಂದ ಬಂಕರ್ ಹಿಲ್ ಸ್ಮಾರಕದವರೆಗೆ ನಾಲ್ಕು ಕಿಲೋಮೀಟರ್, ಹದಿನಾರು ತಾಣ. ಕಾಲುದಾರಿಯ ಮೇಲೆ ಕೆಂಪು ಇಟ್ಟಿಗೆಯ ಗೆರೆ ಇದೆ, ಅದನ್ನು ಹಿಡಿದು ಹೋದರಾಯಿತು. ಹಿಮ ಬಿದ್ದರೆ ಆ ಗೆರೆ ಮುಚ್ಚಿಹೋಗುತ್ತದೆ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಮಾರ್ಗದರ್ಶಕರ ಜೊತೆಗಿನ ಟಿಕೆಟ್ ನಡಿಗೆಗೆ ಹಣ ಕೊಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಅವರು ನಿಂತು ಕಥೆ ಹೇಳುತ್ತಾರೆ, ನಿಮ್ಮ ಕಾಲು ಮರಗಟ್ಟುತ್ತದೆ.

ನಲವತ್ತು ನಿಮಿಷ ಹೊರಗೆ, ಇಪ್ಪತ್ತು ನಿಮಿಷ ಒಳಗೆ ಎಂಬ ತಾಳ ಇಟ್ಟುಕೊಳ್ಳಿ. ಗ್ರಾನರಿ ಸ್ಮಶಾನದಿಂದ ಶುರು ಮಾಡಿ. ಸ್ವಾತಂತ್ರ್ಯ ಹೋರಾಟದ ಸ್ಯಾಮ್ಯುಯೆಲ್ ಆಡಮ್ಸ್, ಜಾನ್ ಹ್ಯಾನ್‌ಕಾಕ್, ಪಾಲ್ ರಿವಿಯರ್ ಮಲಗಿರುವುದು ಇಲ್ಲಿ. ಕರಿಕಲ್ಲಿನ ಹಳೆಯ ಫಲಕಗಳ ಮೇಲೆ ರೆಕ್ಕೆ ಹೊತ್ತ ತಲೆಬುರುಡೆಗಳನ್ನು ಕೆತ್ತಿದ್ದಾರೆ. ನಾವು ಹೋದಾಗ ಒಂದು ಬುರುಡೆಯ ಎರಡೂ ಕಣ್ಣುಗುಳಿಗಳಲ್ಲಿ ಹಿಮ ತುಂಬಿ, ಅದು ನಮ್ಮನ್ನೇ ಬಿಳಿಗಣ್ಣಿನಿಂದ ನೋಡುತ್ತಿತ್ತು. ಬೇಸಿಗೆಯಲ್ಲಿ ಹೋದವರಿಗೆ ಅದು ಸಿಗುವುದಿಲ್ಲ. ಅಲ್ಲಿಂದ ಓಲ್ಡ್ ಸೌತ್ ಮೀಟಿಂಗ್ ಹೌಸ್. ಪ್ರವೇಶಕ್ಕೆ ಹಣ ಕೊಡಬೇಕು, ಆದರೂ ಕೊಡಿ. 1773ರ ಡಿಸೆಂಬರ್ 16ರಂದು ಬ್ರಿಟಿಷರ ಚಹಾ ತೆರಿಗೆಯನ್ನು ವಿರೋಧಿಸಿ ಜನ ಸೇರಿ, ಇಲ್ಲಿಂದಲೇ ಹೋಗಿ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಚೆಲ್ಲಿದರು. ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಮೈಸೂರಿನ ಹೈದರಾಲಿ ಆಗಷ್ಟೇ ಒಂದು ಸುತ್ತು ಯುದ್ಧ ಮಾಡಿ ಮುಗಿಸಿದ್ದ ಅದೇ ಕಂಪನಿ.

ಮುಂದಿನದು ಓಲ್ಡ್ ಸ್ಟೇಟ್ ಹೌಸ್. 1770ರ ಮಾರ್ಚ್ 5ರಂದು ಬ್ರಿಟಿಷ್ ಸೈನಿಕರು ಜನರ ಮೇಲೆ ಗುಂಡು ಹಾರಿಸಿದ ಜಾಗಕ್ಕೆ ಕಲ್ಲಿನ ವೃತ್ತವೊಂದರ ಗುರುತು ಇದೆ. ಚಳಿ ತಡೆಯದಿದ್ದರೆ ಕಟ್ಟಡದ ಅಡಿಯಲ್ಲೇ ಮೆಟ್ರೊ ನಿಲ್ದಾಣದ ಬಾಗಿಲಿದೆ, ಒಳಗೆ ನುಗ್ಗಿ. ಮಧ್ಯಾಹ್ನದ ಊಟಕ್ಕೆ ಕ್ವಿನ್ಸಿ ಮಾರ್ಕೆಟ್: ಬೆಚ್ಚಗಿದೆ, ಶೌಚಾಲಯವಿದೆ, ತಂದ ಡಬ್ಬಿ ತೆರೆದರೂ ನಮ್ಮನ್ನು ಯಾರೂ ಏನೂ ಅನ್ನಲಿಲ್ಲ. ಬಂಕರ್ ಹಿಲ್‌ಗೆ ಹೋಗುವ ಸೇತುವೆಯ ಮೇಲೆ ಗಾಳಿ ಹರಿತವಾಗಿರುತ್ತದೆ. ಸ್ಮಾರಕದ 294 ಮೆಟ್ಟಿಲು ಹತ್ತುವುದು, 1797ರ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ನೋಡುವುದು ಎರಡೂ ಉಚಿತ. ಚಳಿಗಾಲದಲ್ಲಿ ವಾರದ ಕೆಲವು ದಿನ ಬಾಗಿಲು ಹಾಕಿರುತ್ತಾರಾದ್ದರಿಂದ ಹಿಂದಿನ ರಾತ್ರಿ ನೋಡಿಕೊಳ್ಳಿ. ನೌಕೆಗೆ ಗುರುತಿನ ಚೀಟಿ ಬೇಕು.

ಜನವರಿಯಲ್ಲಿ ಬಾಸ್ಟನ್ನಿನ ಸೂರ್ಯ ನಾಲ್ಕೂವರೆ ಸುಮಾರಿಗೆ ಮುಳುಗುತ್ತಾನೆ. ಸಂಜೆಯನ್ನು ಕೋಪ್ಲಿ ಚೌಕದ ಸಾರ್ವಜನಿಕ ಗ್ರಂಥಾಲಯದಲ್ಲಿ ಕಳೆಯಿರಿ. ಹಸಿರು ದೀಪಗಳ ಉದ್ದನೆಯ ಓದುಕೋಣೆಯಲ್ಲಿ ಕೂತು ಮರುದಿನದ ಯೋಜನೆ ಬರೆಯಲು ಯಾರ ಅಪ್ಪಣೆಯೂ ಬೇಡ.

ಆರನೆಯದು: ರೈಲು

ಬಾಸ್ಟನ್ನಿನಿಂದ ಫಿಲಡೆಲ್ಫಿಯಾಕ್ಕೆ ಆಮ್‌ಟ್ರ್ಯಾಕ್ ಎಂಬ ರೈಲು ಸಂಸ್ಥೆಯ ನಾರ್ತ್‌ಈಸ್ಟ್ ರೀಜನಲ್ ರೈಲು ಆರು ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ. ಅಸೆಲಾ ಎಂಬುದು ವೇಗದ ರೈಲು, ದುಬಾರಿ, ನಮಗೆ ಬೇಡ. ಟಿಕೆಟ್ ದರ ವಿಮಾನದಂತೆ ಏರುತ್ತ ಹೋಗುವುದರಿಂದ ದಿನ ನಿಗದಿಯಾದ ಕೂಡಲೇ ಕೊಳ್ಳಿ. ಎಡಗಡೆಯ ಕಿಟಕಿ ಹಿಡಿಯಿರಿ, ಕನೆಕ್ಟಿಕಟ್ ಕರಾವಳಿಯುದ್ದಕ್ಕೂ ನೀರು ಆ ಬದಿಯಲ್ಲೇ ಕಾಣುತ್ತದೆ. ಫಿಲಡೆಲ್ಫಿಯಾದಿಂದ ವಾಷಿಂಗ್ಟನ್ನಿಗೆ ಎರಡು ಗಂಟೆಯೊಳಗೆ. ಬಸ್ಸು ಇನ್ನೂ ಅಗ್ಗ ಎನ್ನುವುದು ನಿಜ, ಆದರೆ ಕೆಲವು ಬಸ್ಸುಗಳು ರಸ್ತೆಬದಿಯಲ್ಲೇ ನಿಂತು ಹತ್ತಿಸಿಕೊಳ್ಳುತ್ತವೆ. ಮೈನಸ್ ಐದು ಡಿಗ್ರಿಯಲ್ಲಿ ತಡವಾದ ಬಸ್ಸಿಗೆ ಕಾಯುವುದು ಹತ್ತು ಡಾಲರ್ ಉಳಿತಾಯಕ್ಕೆ ತಕ್ಕದ್ದಲ್ಲ, ಹಿರಿಯರು ಜೊತೆಗಿದ್ದರಂತೂ ಅಲ್ಲ.

ಏಳನೆಯದು: ಫಿಲಡೆಲ್ಫಿಯಾ

ಇಂಡಿಪೆಂಡೆನ್ಸ್ ಹಾಲ್‌ಗೆ ವರ್ಷದ ಹೆಚ್ಚಿನ ತಿಂಗಳು ಸಮಯ ನಿಗದಿಯಾದ ಟಿಕೆಟ್ ಕಡ್ಡಾಯ. ಜನವರಿ, ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಆ ನಿಯಮ ಸಡಿಲವಾಗಿ, ಮೊದಲು ಬಂದವರಿಗೆ ಮೊದಲು ಎಂದಿರುತ್ತದೆ. ಹೊರಡುವ ಮುನ್ನ ಅದನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಒಳಗಿನ ಸಭಾಕೋಣೆ ನಮ್ಮ ಹಳೆಯ ಮಾಧ್ಯಮಿಕ ಶಾಲೆಯ ದೊಡ್ಡ ಕೋಣೆಯಷ್ಟೇ ಇದೆ. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಮುಂದೆ ಅಧ್ಯಕ್ಷರ ಕುರ್ಚಿ, ಅದರ ಬೆನ್ನಿನ ಮೇಲ್ತುದಿಯಲ್ಲಿ ಅರ್ಧ ಸೂರ್ಯ. 1787ರ ಸಂವಿಧಾನ ಸಭೆಯುದ್ದಕ್ಕೂ ಜಾರ್ಜ್ ವಾಷಿಂಗ್ಟನ್ ಕೂತದ್ದು ಆ ಕುರ್ಚಿಯಲ್ಲೇ. ಅದು ಹುಟ್ಟುವ ಸೂರ್ಯನೋ ಮುಳುಗುವ ಸೂರ್ಯನೋ ಎಂದು ತಾನು ಯೋಚಿಸುತ್ತಲೇ ಇದ್ದೆ, ಹುಟ್ಟುವ ಸೂರ್ಯನೇ ಎಂದು ಈಗ ಗೊತ್ತಾಯಿತು ಎಂಬರ್ಥದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕೊನೆಯ ದಿನ ಹೇಳಿದ್ದು ದಾಖಲಾಗಿದೆ. ಬೇಸಿಗೆಯ ನೂಕುನುಗ್ಗಲಿನಲ್ಲಿ ಆ ಕೆತ್ತನೆ ಕಾಣಲು ಕತ್ತು ಚಾಚಬೇಕು. ನಮ್ಮ ಗುಂಪಿನಲ್ಲಿ ಇದ್ದದ್ದು ಒಂಬತ್ತೇ ಜನ.

ಎದುರಿನ ಲಿಬರ್ಟಿ ಬೆಲ್ ನೋಡಲು ಟಿಕೆಟ್ ಇಲ್ಲ. 1752ರಲ್ಲಿ ಲಂಡನ್ನಿನಿಂದ ಬಂದ ಗಂಟೆ ಬಿರುಕು ಬಿಟ್ಟಿತೆಂದು ಮರುವರ್ಷ ಇಲ್ಲಿಯೇ ಕರಗಿಸಿ ಎರಕ ಹೊಯ್ದರು. ಅದೂ ಮುಂದೆ ಬಿರುಕು ಬಿಟ್ಟಿತು. ಅಕ್ಷರಗಳನ್ನು ಹತ್ತಿರದಿಂದ ಓದಿ, ಪೆನ್ಸಿಲ್ವೇನಿಯಾ ಹೆಸರಿನಲ್ಲಿ ಒಂದು ‘ಎನ್’ ಕಡಿಮೆ ಇದೆ. ಕಾಗುಣಿತದ ತಪ್ಪಲ್ಲ, ಆಗ ಹಾಗೂ ಬರೆಯುತ್ತಿದ್ದರು. ಈ ಊರಿನ ನದಿಗೂ ನಮಗೂ ಒಂದು ನಂಟಿದೆ. 1782ರಲ್ಲಿ ಪೆನ್ಸಿಲ್ವೇನಿಯಾದವರು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ವಿರುದ್ಧ ಇಳಿಸಿದ ಹಡಗಿನ ಹೆಸರು ‘ಹೈದರ್ ಅಲಿ’. ಶತ್ರುವಿನ ಶತ್ರು ಎಂಬ ಲೆಕ್ಕ. ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ನೌಕೆಯೊಂದನ್ನು ಸೆರೆಹಿಡಿಯಿತು.

ಎರಡನೇ ದಿನ ರೀಡಿಂಗ್ ಟರ್ಮಿನಲ್ ಮಾರ್ಕೆಟ್‌ನಲ್ಲಿ ತಿಂಡಿ, ಆಮೇಲೆ ಕಲಾ ವಸ್ತುಸಂಗ್ರಹಾಲಯ. ಪ್ರತಿ ತಿಂಗಳ ಮೊದಲ ಭಾನುವಾರ ಮತ್ತು ಪ್ರತಿ ಶುಕ್ರವಾರ ಸಂಜೆ ಇಲ್ಲಿ ಇಷ್ಟಬಂದಷ್ಟು ಕೊಟ್ಟು ಒಳಗೆ ಹೋಗಬಹುದು. ಮಧುರೆಯ ದೇವಸ್ಥಾನದ್ದೆಂದು ಗುರುತಿಸಿರುವ 16ನೇ ಶತಮಾನದ ಕಂಬಗಳ ಮಂಟಪವೊಂದು ಇಲ್ಲಿದೆ. ಅಮ್ಮ ಅಭ್ಯಾಸಬಲದಿಂದ ಶೂ ಬಿಚ್ಚಲು ಬಗ್ಗಿದಳು, ಕಾವಲುಗಾರ ನಕ್ಕ.

ಎಂಟನೆಯದು: ವಾಷಿಂಗ್ಟನ್

ನಾಲ್ಕು ರಾತ್ರಿ ಇಲ್ಲಿ ಏಕೆಂದರೆ, ಇಲ್ಲಿನ ಚರಿತ್ರೆ ಸೂರಿನಡಿಯಲ್ಲಿದೆ. ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಗಳು ಡಿಸೆಂಬರ್ 25 ಬಿಟ್ಟು ವರ್ಷವಿಡೀ ತೆರೆದಿರುತ್ತವೆ, ಉಚಿತ. ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯ, ಆಫ್ರಿಕನ್ ಅಮೆರಿಕನ್ ಇತಿಹಾಸದ ಸಂಗ್ರಹಾಲಯ ಎರಡಕ್ಕೆ ಮಾತ್ರ ಸಮಯದ ಪಾಸ್ ಮೊದಲೇ ಕಾಯ್ದಿರಿಸಿ. ಅದಕ್ಕೂ ದುಡ್ಡಿಲ್ಲ. ಹಳೆಯ ಮಾರ್ಗದರ್ಶಿಗಳಲ್ಲಿ ಒಂದು ಡಾಲರಿನ ಸರ್ಕ್ಯುಲೇಟರ್ ಬಸ್ಸಿನ ಹೊಗಳಿಕೆ ಸಿಗುತ್ತದೆ. ಅದು 2024ರ ಕೊನೆಗೆ ನಿಂತುಹೋಯಿತು, ನಂಬಿ ಕಾಯಬೇಡಿ.

ಮೊದಲ ದಿನ ಕ್ಯಾಪಿಟಲ್, ಅಂದರೆ ಅಮೆರಿಕದ ಸಂಸತ್ ಭವನ. ಸೋಮವಾರದಿಂದ ಶನಿವಾರದವರೆಗೆ ಉಚಿತ ಪ್ರದರ್ಶನ ನಡಿಗೆ ಇರುತ್ತದೆ. ನೀರು, ತಿಂಡಿ ಒಳಗೆ ಬಿಡುವುದಿಲ್ಲ. ಬಾಟಲಿ ಖಾಲಿ ಮಾಡಿ ಒಯ್ಯಿರಿ, ಚಕ್ಕುಲಿ ಕೋಣೆಯಲ್ಲೇ ಇರಲಿ. ಗುಮ್ಮಟದ ಕೆಳಗೆ ಗೋಡೆಯ ಮೇಲಿರುವ ದೊಡ್ಡ ಚಿತ್ರಗಳಲ್ಲಿ ಒಂದು, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೇನೆ ಶರಣಾದದ್ದು. ಇಲ್ಲಿ ಸೋತ ಅದೇ ಕಾರ್ನ್‌ವಾಲಿಸ್ ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಪಡೆದುಕೊಂಡು ಹೋದ. ಪ್ರದರ್ಶನ ಮುಗಿದ ಮೇಲೆ ಹೊರಗೆ ಬರಬೇಡಿ. ಲೈಬ್ರರಿ ಆಫ್ ಕಾಂಗ್ರೆಸ್‌ಗೆ ನೆಲದಡಿಯಲ್ಲೇ ಸುರಂಗವಿದೆ, ಗುಟೆನ್‌ಬರ್ಗ್ ಬೈಬಲ್ ಇರುವುದು ಅಲ್ಲಿ. ಭಾನುವಾರ, ಸೋಮವಾರ ಅದು ಮುಚ್ಚಿರುತ್ತದೆ, ಪಾಸ್ ಉಚಿತ. ನ್ಯಾಷನಲ್ ಗ್ಯಾಲರಿಯ ಎರಡು ಕಟ್ಟಡಗಳ ನಡುವೆಯೂ ಇಂಥದೇ ನೆಲಮಾಳಿಗೆ ದಾರಿ ಇದೆ.

ಎರಡನೇ ದಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಸ್ವಾತಂತ್ರ್ಯ ಘೋಷಣೆ ಮತ್ತು ಸಂವಿಧಾನದ ಮೂಲ ಹಾಳೆಗಳು, ಆಮೇಲೆ ಅಮೆರಿಕನ್ ಇತಿಹಾಸ ಸಂಗ್ರಹಾಲಯ. ಅಲ್ಲಿ ಒಂದು ಮಬ್ಬುಗತ್ತಲ ಕೋಣೆಯಲ್ಲಿ ಓರೆಯಾಗಿ ಮಲಗಿಸಿರುವ ದೈತ್ಯ ಬಾವುಟವನ್ನು ನೋಡದೆ ಬರಬೇಡಿ. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಬ್ರಿಟಿಷರು ರಾತ್ರಿಯಿಡೀ ಗುಂಡು, ರಾಕೆಟ್ ಸುರಿಸಿದ ಮೇಲೂ ಬೆಳಿಗ್ಗೆ ಹಾರುತ್ತಿದ್ದ ಬಾವುಟ ಇದು. ಅಮೆರಿಕದ ರಾಷ್ಟ್ರಗೀತೆ ಹುಟ್ಟಿದ್ದು ಆ ದೃಶ್ಯದಿಂದ, ರಾಕೆಟ್ಟಿನ ಕೆಂಪು ಬೆಳಕಿನ ಮಾತೂ ಅದರಲ್ಲಿದೆ. ಅವು ಕಾಂಗ್ರೀವ್ ರಾಕೆಟ್‌ಗಳು. ಮೈಸೂರು ಯುದ್ಧಗಳಲ್ಲಿ ಬ್ರಿಟಿಷರ ಕೈಸೇರಿದ ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ನೋಡಿ ಇಂಗ್ಲೆಂಡಿನಲ್ಲಿ ಅಭಿವೃದ್ಧಿಪಡಿಸಿದವು. ನೆನಪಿಗೆಂದು ಜನ ತುಂಡು ತುಂಡಾಗಿ ಕತ್ತರಿಸಿಕೊಂಡು ಹೋಗಿ ಬಾವುಟ ಎಂಟು ಅಡಿ ಗಿಡ್ಡವಾಗಿದೆ. ಅಮ್ಮ ಅಲ್ಲಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತಳು.

ಹೊರಗಿನ ಸ್ಮಾರಕಗಳಿಗೆ ಬಿಸಿಲಿರುವ ಒಂದು ದಿನ ಮೀಸಲಿಡಿ: ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್, ನದಿಯಾಚೆ ಆರ್ಲಿಂಗ್ಟನ್ ಸ್ಮಶಾನ. ಆರ್ಲಿಂಗ್ಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಅಜ್ಞಾತ ಯೋಧನ ಸಮಾಧಿಯ ಕಾವಲು ಬದಲಾವಣೆ ಗಂಟೆಗೊಮ್ಮೆ, ಸರಿಯಾಗಿ ಗಂಟೆಗೆ ನಡೆಯುತ್ತದೆ. ಐದು ನಿಮಿಷ ತಡವಾದರೆ ಐವತ್ತೈದು ನಿಮಿಷ ಚಳಿಯಲ್ಲಿ ನಿಲ್ಲಬೇಕು.

ಹೊಟ್ಟೆಯ ಪಾಡು

ಕೋಣೆಯಲ್ಲಿ ಮೈಕ್ರೊವೇವ್ ಇದೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿ. ಬೆಳಿಗ್ಗೆ ಓಟ್ಸ್ ಅಥವಾ ಸಿದ್ಧ ಉಪ್ಪಿಟ್ಟು, ರಾತ್ರಿ ಭಾರತೀಯ ಅಂಗಡಿಯಲ್ಲಿ ಸಿಗುವ ಸಿದ್ಧ ಆಹಾರದ ಪೊಟ್ಟಣ, ಮಧ್ಯಾಹ್ನ ಒಂದು ಹೊತ್ತು ಹೊರಗೆ. ಚಿಪೋಟ್ಲೆಯಂಥ ಕಡೆ ಅನ್ನ, ಕಾಳು, ತರಕಾರಿಯ ಬಟ್ಟಲು ಇಬ್ಬರಿಗೆ ಮುಕ್ಕಾಲು ಹೊಟ್ಟೆ ತುಂಬಿಸುತ್ತದೆ. ಕೌಂಟರಿನಲ್ಲಿ ಕೊಳ್ಳುವಾಗ ಪರದೆಯ ಮೇಲೆ ಟಿಪ್ಸ್ ಕೇಳಿದರೂ ಬೇಡ ಎಂದು ಒತ್ತಬಹುದು. ಕೂತು ತಿನ್ನುವ ಹೋಟೆಲಿನಲ್ಲಿ ಮಾತ್ರ ಶೇ 15ರಿಂದ 20 ಕೊಡಲೇಬೇಕು. ಚಟ್ನಿಪುಡಿ ತಂದರೆ ಕಸ್ಟಮ್ಸ್‌ನವರಿಗೆ ಆಹಾರ ಇದೆ ಎಂದು ತಿಳಿಸಿ. ಅಕ್ಕಿ ತರಬೇಡಿ, ಭಾರತದಿಂದ ಪ್ರಯಾಣಿಕರು ಅಕ್ಕಿ ಒಯ್ಯುವುದಕ್ಕೆ ನಿಷೇಧವಿದೆ.

ಎಡವಟ್ಟಿಗೆ ಮೊದಲೇ ಸಿದ್ಧತೆ

ಪ್ರವಾಸಿ ವೈದ್ಯಕೀಯ ವಿಮೆ ಇಲ್ಲದೆ ಹೊರಡಬೇಡಿ. ಜಾರಿಬಿದ್ದ ಮೊಣಕೈಗೆ ಒಂದು ಎಕ್ಸ್‌ರೇ ತೆಗೆಸಿದರೂ ಇಡೀ ಪ್ರವಾಸದ ಲೆಕ್ಕ ತಲೆಕೆಳಗಾಗುತ್ತದೆ. ಹಿಮಬಿರುಗಾಳಿಯ ಮುನ್ಸೂಚನೆ ಎರಡು ಮೂರು ದಿನ ಮೊದಲೇ ಬರುತ್ತದೆ. ಆಗ ರೈಲು, ವಿಮಾನ ಕಂಪನಿಗಳು ದಿನಾಂಕ ಬದಲಿಸುವ ಶುಲ್ಕವನ್ನು ಹಲವು ಸಲ ಮನ್ನಾ ಮಾಡುತ್ತವೆ. ಬಿರುಗಾಳಿ ಬರುವವರೆಗೆ ಕಾಯದೆ ಘೋಷಣೆಯಾದ ದಿನವೇ ಬದಲಿಸಿ. ಹೋಟೆಲನ್ನು ರದ್ದುಪಡಿಸಬಹುದಾದ ದರದಲ್ಲೇ ಕಾಯ್ದಿರಿಸಿ.

ಇನ್ನೊಂದು ಅಪಾಯ ಆಕಾಶದಿಂದಲ್ಲ, ಸಂಸತ್ತಿನಿಂದ ಬರುತ್ತದೆ. ಬಜೆಟ್ ಒಪ್ಪಿಗೆಯಾಗದೆ ಕೇಂದ್ರ ಸರ್ಕಾರದ ಕೆಲಸ ಸ್ಥಗಿತವಾದರೆ ಸ್ಮಿತ್ಸೋನಿಯನ್ ಬಾಗಿಲು ಹಾಕುತ್ತದೆ. 2018ರ ಡಿಸೆಂಬರ್ 22ರಿಂದ 2019ರ ಜನವರಿ 25ರವರೆಗೆ 35 ದಿನ ಸರ್ಕಾರದ ಕೆಲಸ ನಿಂತಿತ್ತು, ಆಗ ಜನವರಿ 2ರಿಂದ ಸ್ಮಿತ್ಸೋನಿಯನ್ ಮುಚ್ಚಿತ್ತು. ಅಂಥ ಸುದ್ದಿ ಬಂದರೆ ವಾಷಿಂಗ್ಟನ್ನಿನ ಎರಡು ರಾತ್ರಿಯನ್ನು ಬಾಸ್ಟನ್ನಿಗೆ ವರ್ಗಾಯಿಸಿ. ಅಲ್ಲಿನ ಹೆಚ್ಚಿನ ತಾಣಗಳು ನಗರದವು ಅಥವಾ ಖಾಸಗಿ ಸಂಸ್ಥೆಗಳವು.

ಕೊನೆಯ ದಿನ ವಿಮಾನ ಡಲ್ಲೆಸ್‌ನಿಂದಾದರೆ ಮೆಟ್ರೊದ ಸಿಲ್ವರ್ ಲೈನ್ ನೇರವಾಗಿ ನಿಲ್ದಾಣದವರೆಗೆ ಹೋಗುತ್ತದೆ. ಟ್ಯಾಕ್ಸಿಯ ಮಾತೇ ಬೇಡ, ಒಂದು ಗಂಟೆ ಇಟ್ಟುಕೊಂಡರೆ ಸಾಕು. ಹೊರಡುವ ಮೊದಲು ಶೂಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ರಸ್ತೆಗೆ ಎರಚಿದ ಉಪ್ಪು ಬಿಳಿ ಗೆರೆಗಟ್ಟಿ ಕೂತಿರುತ್ತದೆ, ಹಾಗೇ ಬಿಟ್ಟರೆ ಊರು ತಲುಪುವ ಹೊತ್ತಿಗೆ ಚರ್ಮ ಬಿರುಕು ಬಿಡುತ್ತದೆ.